ಅಪ್ಪ ಅಮ್ಮನ ಆರೈಕೆ ಕೇಂದ್ರದ ಖರ್ಚಿಗೆ ಏನು ದಾರಿ? ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯ ಹಿರಿಯರನ್ನು ಕೇರ್ ಹೋಮ್‌ನಲ್ಲಿ ಇಟ್ಟವರು ಬೆಂಗಳೂರಿನಲ್ಲಿ ಈಗ ಅಪರೂಪವೇನಲ್ಲ. ಆದರೆ ಮಾತು 'ಎಲ್ಲಿ ಸೇರಿಸಿದ್ರಿ, ಊಟ ಚೆನ್ನಾಗಿದ್ಯಾ' ಅನ್ನುವಲ್ಲಿಗೇ ನಿಂತುಬಿಡುತ್ತದೆ. ದುಡ್ಡಿನ ವಿಷಯಕ್ಕೆ ಯಾರೂ ಬಾಯಿ ಬಿಡುವುದಿಲ್ಲ. ನಮ್ಮ ಅತ್ತೆಯವರು ಇಂಥ ಕೇಂದ್ರದಲ್ಲಿ ಇರುವುದರಿಂದ ನೆಂಟರು, ಗೆಳೆಯರು ನನ್ನನ್ನು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಬಡ್ಡಿ ದರ, ತೆರಿಗೆ ಲೆಕ್ಕ ಆಗಾಗ ಬದಲಾಗುತ್ತವೆ. ದೊಡ್ಡ ಮೊತ್ತಕ್ಕೆ ಕೈ ಹಾಕುವ ಮುಂಚೆ ನಿಮ್ಮ ಆಡಿಟರ್ ಹತ್ತಿರ ಒಮ್ಮೆ ಕೂತು ಮಾತಾಡಿ.

ತಿಂಗಳಿಗೆ ಎಷ್ಟು ಬೇಕಾಗುತ್ತದೆ?

ಅಮ್ಮನಿಗೆ ಎಷ್ಟು ಸಹಾಯ ಬೇಕು ಅನ್ನುವುದರ ಮೇಲೆ ಹೋಗುತ್ತದೆ. ಓಡಾಡಿಕೊಂಡು ಇದ್ದಾರೆ, ಹೊತ್ತಿಗೆ ಊಟ, ಮಾತ್ರೆ ಕೊಟ್ಟರೆ ಸಾಕು ಅಂದರೆ ಒಂದು ದರ. ಸ್ನಾನಕ್ಕೆ, ಬಟ್ಟೆಗೆ, ಬಾತ್‌ರೂಮಿಗೆ ಕೈ ಹಿಡಿಯಬೇಕು ಅಂದರೆ ಇನ್ನೊಂದು. ಹಾಸಿಗೆ ಹಿಡಿದಿದ್ದಾರೆ, ಮೂಗಿನ ನಳಿಕೆಯಲ್ಲಿ ಊಟ ಹೋಗಬೇಕು, ಕ್ಯಾತಿಟರ್ (ಮೂತ್ರದ ನಳಿಕೆ) ಇದೆ ಅಂದರೆ ಮತ್ತೂ ಜಾಸ್ತಿ. ಒಬ್ಬರಿಗೇ ಒಂದು ಕೋಣೆಯೋ, ಮೂರು ಜನ ಹಂಚಿಕೊಳ್ಳುವುದೋ ಅನ್ನುವುದರಲ್ಲೂ ವ್ಯತ್ಯಾಸ ದೊಡ್ಡದು. ಟ್ರಸ್ಟ್‌ಗಳು ನಡೆಸುವ ವೃದ್ಧಾಶ್ರಮಗಳಲ್ಲಿ ಕಡಿಮೆಗೆ ಆಗಬಹುದು, ಆದರೆ ಹಾಸಿಗೆ ಹಿಡಿದವರನ್ನು ಅಲ್ಲಿ ಎಷ್ಟೋ ಸಲ ತೆಗೆದುಕೊಳ್ಳುವುದಿಲ್ಲ. ಖಾಸಗಿ ಕೇಂದ್ರಗಳಲ್ಲಿ ತಿಂಗಳಿಗೆ ಹತ್ತಾರು ಸಾವಿರ ಅಂತಲೇ ಇಟ್ಟುಕೊಳ್ಳಿ.

ಮೊದಲ ತಿಂಗಳ ಬಿಲ್‌ಗಿಂತ ಐದನೇ ವರ್ಷದ ಬಿಲ್ ಮುಖ್ಯ. ಒಂದು ಲೆಕ್ಕ ಹಾಕಿ ನೋಡೋಣ. ಇವತ್ತು ತಿಂಗಳಿಗೆ 50,000 ರೂಪಾಯಿ, ವರ್ಷಕ್ಕೆ ಶೇ 10ರಂತೆ ಏರುತ್ತದೆ ಅಂತ ಹಿಡಿಯಿರಿ. ಮೊದಲ ವರ್ಷ 6 ಲಕ್ಷ. ಐದನೇ ವರ್ಷಕ್ಕೆ ತಿಂಗಳ ಬಿಲ್ 73,000 ದಾಟಿರುತ್ತದೆ. ಐದು ವರ್ಷಕ್ಕೆ ಒಟ್ಟು ಸುಮಾರು 36.6 ಲಕ್ಷ, ಹತ್ತು ವರ್ಷಕ್ಕೆ ಸುಮಾರು 95.6 ಲಕ್ಷ. ಈ ಲೆಕ್ಕ ನೋಡಿದ ಮೇಲೆ 'ಸದ್ಯಕ್ಕೆ ನನ್ನ ಸಂಬಳದಲ್ಲೇ ಕೊಡ್ತೀನಿ ಬಿಡಿ' ಅನ್ನುವ ಮಾತು ಅಷ್ಟು ಸಲೀಸಾಗಿ ಬರುವುದಿಲ್ಲ.

ಅವರು ಹೇಳಿದ ದರದಲ್ಲಿ ಎಲ್ಲ ಸೇರಿರುತ್ತದೆಯಾ?

ಇಲ್ಲ. ಡೈಪರ್, ಔಷಧ, ಫಿಸಿಯೋಥೆರಪಿ, ಡಾಕ್ಟರ್ ಬಂದು ನೋಡಿದ ಫೀಸು, ರಕ್ತ ಪರೀಕ್ಷೆ, ಆಕ್ಸಿಜನ್, ಆಂಬುಲೆನ್ಸ್ ಇವೆಲ್ಲ ಬೇರೆ. ಆಸ್ಪತ್ರೆಗೆ ಹೋದಾಗ ಜೊತೆಗೆ ಕೂರುವ ಅಟೆಂಡರ್‌ಗೆ ಮತ್ತೆ ಬೇರೆ. ಆಸ್ಪತ್ರೆಯಲ್ಲಿ ಇರುವಷ್ಟು ದಿನ ಇಲ್ಲಿಯ ಬೆಡ್‌ಗೂ ಪೂರ್ತಿ ದುಡ್ಡು ಕೇಳುವ ಕಡೆಗಳೂ ಇವೆ. ನಾವು ನೋಡಿದ ಒಂದು ಜಾಗದಲ್ಲಂತೂ ಗ್ಲೌಸಿಗೂ ಲೆಕ್ಕ ಬರೆಯುತ್ತಿದ್ದರು.

ಅದಕ್ಕೇ ದರಪಟ್ಟಿ ಕೇಳಬೇಡಿ. ನಿಮ್ಮ ಅಮ್ಮನ ಸ್ಥಿತಿಯಲ್ಲೇ ಇರುವ ಒಬ್ಬರ ಹೋದ ತಿಂಗಳ ಬಿಲ್ಲನ್ನು ಹೆಸರು ಮುಚ್ಚಿ ತೋರಿಸಿ ಅನ್ನಿ. ತೋರಿಸುವವರು ತೋರಿಸುತ್ತಾರೆ. ಜಿಎಸ್‌ಟಿ ಬಗ್ಗೆಯೂ ಆಗಲೇ ಕೇಳಿಬಿಡಿ. ತೆರಿಗೆ ಇಲಾಖೆಯಲ್ಲಿ ನೋಂದಣಿ ಆಗಿರುವ ಧರ್ಮಾರ್ಥ ಸಂಸ್ಥೆ ನಡೆಸುವ ವೃದ್ಧಾಶ್ರಮದಲ್ಲಿ 60 ದಾಟಿದವರಿಗೆ ತಿಂಗಳಿಗೆ 25,000 ರೂಪಾಯಿವರೆಗಿನ ಶುಲ್ಕಕ್ಕೆ ಜಿಎಸ್‌ಟಿ ವಿನಾಯಿತಿ ಇದೆ.

ಹೆಲ್ತ್ ಇನ್ಶೂರೆನ್ಸ್ ಇದೆಯಲ್ಲ, ಅದರಿಂದ ಬರಲ್ವಾ?

ಬರುವುದಿಲ್ಲ. ಅತಿ ಹೆಚ್ಚು ಜನ ನಂಬಿಕೊಂಡು ಕೂತಿರುವುದು ಇದನ್ನೇ, ಅದಕ್ಕೇ ನೇರವಾಗಿ ಹೇಳುತ್ತಿದ್ದೇನೆ. ನಿಮ್ಮ ಪಾಲಿಸಿ ಪುಸ್ತಕದಲ್ಲಿ 'ಯಾವುದಕ್ಕೆ ಕೊಡುವುದಿಲ್ಲ' ಅನ್ನುವ ಪಟ್ಟಿ ತೆಗೆಯಿರಿ. ಎಲ್ಲ ಕಂಪನಿಗಳಿಗೂ ಒಂದೇ ಥರ ಇರುವ ಷರತ್ತೊಂದು ಅಲ್ಲಿ ಸಿಗುತ್ತದೆ. ಸ್ನಾನ ಮಾಡಿಸುವುದು, ಬಟ್ಟೆ ಹಾಕುವುದು, ಓಡಾಡಿಸುವುದು ಇಂಥ ದಿನನಿತ್ಯದ ಆರೈಕೆಯನ್ನು ಮನೆಯಲ್ಲಿ ಮಾಡಿದರೂ, ಕೇಂದ್ರದಲ್ಲಿ ಮಾಡಿದರೂ, ನುರಿತ ನರ್ಸೇ ಮಾಡಿದರೂ ಖರ್ಚು ಕೊಡುವುದಿಲ್ಲ ಅಂತ ಅದರಲ್ಲಿ ಬರೆದಿರುತ್ತದೆ. ಪಾಲಿಸಿ ಇರುವುದು ಆಸ್ಪತ್ರೆಯಲ್ಲಿ ದಾಖಲಾಗಿ ಪಡೆಯುವ ಚಿಕಿತ್ಸೆಗೆ.

ಹಾಗಂತ ಪಾಲಿಸಿ ನಿಲ್ಲಿಸಬೇಡಿ. ಕೇಂದ್ರದಲ್ಲಿ ಇರುವವರು ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುತ್ತಾರೆ, ನ್ಯುಮೋನಿಯಾ ಆಗುತ್ತದೆ. ಆ ಬಿಲ್ ಲಕ್ಷಗಳಲ್ಲಿ ಬರುತ್ತದೆ, ಆಗ ಅದೇ ಕೈ ಹಿಡಿಯುವುದು. 2024ರ ಏಪ್ರಿಲ್‌ನಿಂದ ಹೊಸ ಪಾಲಿಸಿಗೆ 65 ವರ್ಷದ ಮಿತಿಯೂ ಇಲ್ಲ. ಮೊದಲೇ ಇದ್ದ ಕಾಯಿಲೆಗೆ ಕಾಯಿಸುವ ಅವಧಿಯನ್ನು ಗರಿಷ್ಠ 3 ವರ್ಷಕ್ಕೆ ಇಳಿಸಿದ್ದಾರೆ. ವೈಯಕ್ತಿಕ ಪಾಲಿಸಿಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಹೋಗಿದೆ.

ಸರ್ಕಾರದಿಂದ ಏನಾದರೂ ಸಿಗುತ್ತದೆಯಾ? 70 ದಾಟಿದವರಿಗೆ ಕಾರ್ಡ್ ಕೊಡ್ತಾರಂತೆ?

ಆಯುಷ್ಮಾನ್ ಯೋಜನೆಯನ್ನು 2024ರ ಅಕ್ಟೋಬರ್‌ನಲ್ಲಿ 70 ದಾಟಿದ ಎಲ್ಲರಿಗೂ ವಿಸ್ತರಿಸಿದರು. ಆದಾಯದ ಮಿತಿ ಇಲ್ಲ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಆದರೆ ಅದೂ ಆಸ್ಪತ್ರೆಗೆ ಮಾತ್ರ, ಮತ್ತು ನೀವು ಹೋಗುವ ಆಸ್ಪತ್ರೆ ಅದನ್ನು ತೆಗೆದುಕೊಳ್ಳುತ್ತದಾ ಅಂತ ಮುಂಚೆಯೇ ವಿಚಾರಿಸಬೇಕು. ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ 65 ದಾಟಿದ ಬಡವರಿಗೆ ತಿಂಗಳಿಗೆ 1,200 ರೂಪಾಯಿ ಬರುತ್ತದೆ. ಆರೈಕೆ ಕೇಂದ್ರದ ಬಿಲ್ಲನ್ನು ತಿಂಗಳು ತಿಂಗಳು ಕಟ್ಟಿಕೊಡುವ ಯೋಜನೆಯನ್ನು ಮಾತ್ರ ಹುಡುಕಿಕೊಂಡು ಸುಮ್ನೆ ಓಡಾಡಬೇಡಿ.

ಹಾಗಾದರೆ ದುಡ್ಡು ಯಾರದ್ದು ಮೊದಲು ಖರ್ಚಾಗಬೇಕು? ನಮ್ಮದೋ, ಅವರದೋ?

ಅವರದೇ. ಇದನ್ನು ಕೇಳಿದ ಕೂಡಲೇ ಕೆಲವರ ಮುಖ ಗಂಟಾಗುತ್ತದೆ. 'ಅಪ್ಪನ ದುಡ್ಡು ಮುಟ್ಟೋದಾ? ನಾವಿಲ್ವಾ?' ಅಂತಾರೆ. ಮಾತು ದೊಡ್ಡದೇ. ಆದರೆ ಆಗುವುದೇನು? ಮಕ್ಕಳು ತಮ್ಮ ಪಿಎಫ್ ಒಡೆಯುತ್ತಾರೆ, ಪರ್ಸನಲ್ ಲೋನ್ ತೆಗೆಯುತ್ತಾರೆ. ಅತ್ತ ಅಪ್ಪನ ಎಫ್‌ಡಿ ಹಾಗೇ ಕೂತಿರುತ್ತದೆ, ರಾಜಾಜಿನಗರದ ಮನೆ ಬೀಗ ಹಾಕಿಕೊಂಡು ಧೂಳು ತಿನ್ನುತ್ತಿರುತ್ತದೆ. ಅಪ್ಪ ದುಡಿದು ಕೂಡಿಟ್ಟಿದ್ದು ಕಷ್ಟಕಾಲಕ್ಕೇ ಅಲ್ವಾ? ಆ ಕಾಲ ಈಗ ಬಂದಿದೆ. ಮೊದಲು ಅವರ ಪೆನ್ಷನ್, ಆಮೇಲೆ ಬಡ್ಡಿ, ಬಾಡಿಗೆ, ಆಮೇಲೆ ಅಸಲು, ಕೊನೆಗೆ ಮಕ್ಕಳ ಕೈ. ಮಕ್ಕಳಿಗೂ ಮುಂದೆ ವಯಸ್ಸಾಗುತ್ತದೆ, ಆಗ ಅವರ ಪಿಎಫ್ ಅವರಿಗೇ ಬೇಕು.

ಪೆನ್ಷನ್ ನಿಲ್ಲದ ಹಾಗೆ ನೋಡಿಕೊಳ್ಳಿ. ಪ್ರತಿ ವರ್ಷ ನವೆಂಬರ್‌ನಲ್ಲಿ ಜೀವಿತ ಪ್ರಮಾಣಪತ್ರ ಕೊಡಬೇಕು. ಕೇಂದ್ರ ಸರ್ಕಾರದ ಪಿಂಚಣಿದಾರರಿಗೆ 80 ದಾಟಿದ್ದರೆ ಅಕ್ಟೋಬರ್ 1ರಿಂದಲೇ ಕೊಡಬಹುದು. ಈಗ ಮೊಬೈಲಿನಲ್ಲಿ ಮುಖ ತೋರಿಸಿ ಮುಗಿಸಬಹುದು, ಪೋಸ್ಟ್‌ಮ್ಯಾನ್ ಹಾಸಿಗೆ ಹತ್ತಿರ ಬಂದೂ ಮಾಡಿಕೊಡುತ್ತಾರೆ. ಅಪ್ಪನನ್ನು ಎತ್ತಿಕೊಂಡು ಬ್ಯಾಂಕಿಗೆ ಹೋಗುವ ಕಾಲ ಮುಗಿಯಿತು.

ಅವರ ಉಳಿತಾಯವನ್ನು ಎಲ್ಲಿ ಇಟ್ಟರೆ ಒಳ್ಳೆಯದು?

ಹಿರಿಯ ನಾಗರಿಕರ ಉಳಿತಾಯ ಯೋಜನೆ ಮೊದಲ ಆಯ್ಕೆ. ಒಬ್ಬರಿಗೆ 30 ಲಕ್ಷದವರೆಗೆ ಇಡಬಹುದು. 2023ರ ಏಪ್ರಿಲ್‌ನಲ್ಲಿ ನಿಗದಿಯಾದ ಬಡ್ಡಿ ಶೇ 8.2. ಆ ದರದಲ್ಲಿ 30 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 61,500, ಅಂದರೆ ತಿಂಗಳಿಗೆ 20,500 ರೂಪಾಯಿ. ಖಾತೆ ತೆರೆದ ದಿನದ ದರವೇ 5 ವರ್ಷ ಉಳಿಯುತ್ತದೆ. ಜಂಟಿಯಾಗಿ ತೆರೆಯುವುದಿದ್ದರೆ ಗಂಡ ಹೆಂಡತಿ ಮಾತ್ರ. ಅದರ ಮೇಲೆ ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆ ಇದೆ, ಒಬ್ಬರಿಗೆ 9 ಲಕ್ಷ, ಜಂಟಿಗೆ 15 ಲಕ್ಷದ ಮಿತಿ. ಶೇ 7.4ರ ದರದಲ್ಲಿ 15 ಲಕ್ಷಕ್ಕೆ ತಿಂಗಳಿಗೆ 9,250 ಬರುತ್ತದೆ.

ಎಲ್ಲವನ್ನೂ ಇಂಥದ್ದರಲ್ಲೇ ಕಟ್ಟಿಹಾಕಬೇಡಿ. ಆರು ತಿಂಗಳ ಬಿಲ್‌ನಷ್ಟು ದುಡ್ಡು ಯಾವಾಗ ಬೇಕಾದರೂ ತೆಗೆಯುವ ಹಾಗೆ ಇರಲಿ.

ಅಪ್ಪನ ಮನೆ ಇದೆ. ಮಾರುವುದಾ, ಬಾಡಿಗೆಗಾ, ಭೋಗ್ಯಕ್ಕಾ?

ಇನ್ನೊಬ್ಬರು, ಅಂದರೆ ಅಮ್ಮನೋ ಅಪ್ಪನೋ, ಆ ಮನೆಯಲ್ಲಿ ವಾಸವಿದ್ದರೆ ಈ ಮಾತೇ ಬೇಡ. ಮನೆ ಖಾಲಿ ಇದ್ದರೆ ಬಾಡಿಗೆಗೆ ಕೊಡುವುದು ಸುಲಭ. ತಿಂಗಳಿಗೆ ಬರುವ ದುಡ್ಡು ತಿಂಗಳ ಬಿಲ್‌ಗೆ ಹೋಗುತ್ತದೆ. ತೆರಿಗೆ ಲೆಕ್ಕದಲ್ಲಿ ಬಾಡಿಗೆಯ ಶೇ 30ರಷ್ಟನ್ನು ರಿಪೇರಿ ಗಿಪೇರಿ ಬಾಬ್ತು ಕಳೆದುಬಿಡುತ್ತಾರೆ, ರಸೀತಿ ಕೇಳುವುದಿಲ್ಲ.

ಭೋಗ್ಯದಲ್ಲಿ ಒಂದೇ ಸಲ ದೊಡ್ಡ ಮೊತ್ತ ಬರುತ್ತದೆ. ಅದೇ ಅದರ ಅಪಾಯವೂ ಹೌದು. ಆ ದುಡ್ಡು ನಿಮ್ಮದಲ್ಲ, ಅವಧಿ ಮುಗಿದ ದಿನ ವಾಪಸ್ ಕೊಡಬೇಕು. ಅದನ್ನು ಆರೈಕೆಗೆ ಖರ್ಚು ಮಾಡಿಕೊಂಡು, ಇನ್ನೊಬ್ಬ ಭೋಗ್ಯದವನು ಸಿಗುವವರೆಗೆ ಹಳಬನನ್ನು ಕಳಿಸಲಾಗದೆ ಒದ್ದಾಡುವವರು ಇದ್ದಾರೆ. ಭೋಗ್ಯದ ದುಡ್ಡಿನ ಬಡ್ಡಿ ಮಾತ್ರ ತಿನ್ನುತ್ತೇನೆ ಅನ್ನುವ ಶಿಸ್ತು ಇದ್ದರೆ ಸರಿ. ಆದರೆ ಅಷ್ಟಕ್ಕೆ ಬಾಡಿಗೆಯೇ ವಾಸಿ.

ರಿವರ್ಸ್ ಮಾರ್ಟ್‌ಗೇಜ್ ಬಗ್ಗೆಯೂ ಕೇಳುತ್ತಾರೆ. 60 ದಾಟಿದವರು ತಾವು ವಾಸವಿರುವ ಸ್ವಂತ ಮನೆಯ ಮೇಲೆ ಬ್ಯಾಂಕಿನಿಂದ ತಿಂಗಳು ತಿಂಗಳು ದುಡ್ಡು ಪಡೆಯುವ ಸಾಲ ಇದು. ಬದುಕಿರುವಾಗ ಕಂತು ಕಟ್ಟಬೇಕಿಲ್ಲ, ಬರುವ ದುಡ್ಡಿಗೆ ಆದಾಯ ತೆರಿಗೆಯೂ ಇಲ್ಲ. ಕೇಳಲು ಚೆನ್ನಾಗಿದೆ. ತೊಡಕು ಎಲ್ಲಿದೆ ಅಂದರೆ, ಸಾಲ ಪಡೆದವರು ಒಂದು ವರ್ಷ ಆ ಮನೆಯಲ್ಲಿ ವಾಸ ಇಲ್ಲದಿದ್ದರೆ ಸಾಮಾನ್ಯವಾಗಿ ಕಾಯಂ ಆಗಿ ಮನೆ ಬಿಟ್ಟರು ಅಂತ ತಿಳಿದು ಬ್ಯಾಂಕು ಸಾಲ ವಾಪಸ್ ಕೇಳಬಹುದು. ಒಂಟಿಯಾಗಿರುವ ಅಮ್ಮ ಕೇರ್ ಹೋಮ್‌ಗೆ ಹೋಗುವುದಕ್ಕೆ ಈ ಸಾಲ ಹೊಂದುವುದೇ ಇಲ್ಲ. ಒಬ್ಬರು ಕೇಂದ್ರದಲ್ಲಿ, ಇನ್ನೊಬ್ಬರು ಮನೆಯಲ್ಲಿ ಇದ್ದು, ಇಬ್ಬರೂ ಸೇರಿ ಸಾಲ ತೆಗೆದಿದ್ದರೆ ಮಾತ್ರ ಯೋಚಿಸಬಹುದು.

ಮಾರುವುದೇ ಅಂತಾದರೆ ಕಾಗದಪತ್ರ ಈಗಲೇ ತೆಗೆದು ನೋಡಿ. ಇ-ಖಾತಾ (ಆಸ್ತಿ ಯಾರ ಹೆಸರಿನಲ್ಲಿದೆ ಅನ್ನುವ ಪಾಲಿಕೆಯ ಆನ್‌ಲೈನ್ ದಾಖಲೆ) ಇಲ್ಲದೆ ನೋಂದಣಿ ಆಗುವುದಿಲ್ಲ. ಎಷ್ಟೋ ಮನೆಗಳ ಖಾತೆ ಇನ್ನೂ ತೀರಿಹೋದ ಅಪ್ಪನ ಹೆಸರಿನಲ್ಲೇ ಇರುತ್ತದೆ, ಅದನ್ನು ಬದಲಾಯಿಸಲು ತಿಂಗಳುಗಳು ಬೇಕು. ಲಾಭದ ಮೇಲಿನ ತೆರಿಗೆ ಶೇ 12.5. 2024ರ ಜುಲೈ 23ಕ್ಕೆ ಮುಂಚೆ ಕೊಂಡಿದ್ದ ಮನೆಗೆ ಹಳೆಯ ಶೇ 20ರ ಲೆಕ್ಕವೂ ಇದೆ, ಅದರಲ್ಲಿ ಬೆಲೆ ಏರಿಕೆಯನ್ನು ಕಳೆಯುತ್ತಾರೆ. ಎರಡರಲ್ಲಿ ಯಾವುದು ಕಡಿಮೆಯೋ ಅದು. ತೆರಿಗೆ ಉಳಿಸಲು 6 ತಿಂಗಳ ಒಳಗೆ, ಇದಕ್ಕೆಂದೇ ಸರ್ಕಾರಿ ಸಂಸ್ಥೆಗಳು ಹೊರಡಿಸುವ ಬಾಂಡ್‌ಗಳಲ್ಲಿ 50 ಲಕ್ಷದವರೆಗೆ ಹಾಕಬಹುದು. ಆದರೆ 5 ವರ್ಷ ಅಸಲು ಮುಟ್ಟುವ ಹಾಗಿಲ್ಲ. ತಿಂಗಳ ಬಿಲ್‌ಗೆ ಅಂತ ಮನೆ ಮಾರಿ, ದುಡ್ಡನ್ನೆಲ್ಲ ಬಾಂಡಿನಲ್ಲಿ ಹೂಳಿದರೆ ಏನು ಬಂತು?

ಅಮ್ಮನಿಗೆ ಮರೆವಿನ ಕಾಯಿಲೆ. ಪವರ್ ಆಫ್ ಅಟಾರ್ನಿ ಮಾಡಿಸಿಕೊಂಡರೆ ಸಾಕಾ?

ಈ ಒಂದು ವಿಷಯದಲ್ಲಿ ತಡ ಮಾಡಲೇಬೇಡಿ. ನಮ್ಮ ಕಾನೂನಿನಲ್ಲಿ, ಬರೆದುಕೊಟ್ಟವರ ಬುದ್ಧಿ ಸ್ವಾಧೀನದಲ್ಲಿ ಇಲ್ಲದಂತಾದರೆ ಪವರ್ ಆಫ್ ಅಟಾರ್ನಿ ಬಿದ್ದುಹೋಗುತ್ತದೆ. 1872ರ ಕರಾರು ಕಾಯ್ದೆಯ 201ನೇ ಸೆಕ್ಷನ್ ಹೇಳುವುದೇ ಇದನ್ನು. ಅಂದರೆ ನಿಮಗೆ ಅದು ಬೇಕಾಗುವ ಹೊತ್ತಿಗೇ ಅದು ಕೆಲಸಕ್ಕೆ ಬರುವುದಿಲ್ಲ.

ಕಾಯಿಲೆ ಶುರುವಿನಲ್ಲಿದ್ದು, ಅಮ್ಮನಿಗೆ ಇನ್ನೂ ವಿಷಯ ತಿಳಿಯುತ್ತಿದ್ದರೆ ಈಗಲೇ ಇಷ್ಟು ಮಾಡಿ. ಎಫ್‌ಡಿ, ಉಳಿತಾಯ ಖಾತೆಗಳಿಗೆ ಒಬ್ಬ ಮಗನನ್ನೋ ಮಗಳನ್ನೋ ಸೇರಿಸಿ, 'ಇಬ್ಬರಲ್ಲಿ ಯಾರಾದರೂ' ತೆಗೆಯಬಹುದು ಅನ್ನುವ ಹಾಗೆ ಬರೆಸಿ. ಪೆನ್ಷನ್ ಖಾತೆಗೆ ಮಕ್ಕಳನ್ನು ಸಾಮಾನ್ಯವಾಗಿ ಸೇರಿಸಲು ಬಿಡುವುದಿಲ್ಲ, ಹಾಗಾಗಿ ಅಲ್ಲಿಂದ ಪ್ರತಿ ತಿಂಗಳು ಜಂಟಿ ಖಾತೆಗೆ ದುಡ್ಡು ತಾನಾಗಿಯೇ ಹೋಗುವ ವ್ಯವಸ್ಥೆ ಮಾಡಿಸಿ. ವಿಲ್ ಬರೆಸುವುದಿದ್ದರೆ ಆ ದಿನ ಡಾಕ್ಟರಿಂದ 'ತಿಳಿದು ಸಹಿ ಹಾಕುವ ಸ್ಥಿತಿಯಲ್ಲಿದ್ದಾರೆ' ಅನ್ನುವ ಚೀಟಿ ತೆಗೆದುಕೊಳ್ಳಿ.

ಕೈ ನಡುಗಿ ಸಹಿ ಹಾಕಲು ಆಗದವರದು ಬೇರೆ ವಿಷಯ. ಅವರಿಗೆ ಬುದ್ಧಿ ಸರಿ ಇದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ಹೆಬ್ಬೆಟ್ಟು, ಅದೂ ಆಗದಿದ್ದರೆ ಕಾಲ್ಬೆರಳಿನ ಗುರುತು ನಡೆಯುತ್ತದೆ. ಎರಡು ಸಾಕ್ಷಿ ಬೇಕು, ಒಬ್ಬರು ಬ್ಯಾಂಕಿನ ಜವಾಬ್ದಾರಿ ಅಧಿಕಾರಿ ಆಗಿರಬೇಕು. ಕೌಂಟರಿನಲ್ಲಿ 'ಹಾಗೆಲ್ಲ ಆಗಲ್ಲ' ಅಂದರೆ ಮ್ಯಾನೇಜರ್ ಹತ್ತಿರ ಹೋಗಿ.

ಎಲ್ಲ ಕೈಮೀರಿದೆ, ಅಮ್ಮನ ಹೆಸರಿನ ಆಸ್ತಿ ಮಾರಲೇಬೇಕು ಅಂದರೆ ಹೈಕೋರ್ಟಿಗೆ ಹೋಗಿ ಅಮ್ಮನ ಗಾರ್ಡಿಯನ್ ಅಂತ ನೇಮಕ ಮಾಡಿಸಿಕೊಳ್ಳುವ ದಾರಿ ಇದೆ. ವಕೀಲರ ಖರ್ಚು, ಸಮಯ ಎರಡೂ ಬೇಕು.

ನಾವು ಮೂವರು. ದುಡ್ಡು ಕೊಡುವುದು ನಾನೊಬ್ಬಳೇ. ಏನು ಮಾಡಲಿ?

ಅಣ್ಣ 'ನೋಡೋಣ' ಅಂತಾನೆ, ತಂಗಿ ಊರಲ್ಲಿಲ್ಲ. ಇದು ಮನೆಮನೆಯ ಕಥೆ. ಸಮಪಾಲು ಮಾಡಲು ಹೋದರೆ ಜಗಳ ಖಂಡಿತ. ಒಬ್ಬರ ಸಂಬಳ ಇನ್ನೊಬ್ಬರಿಗೆ ಇರುವುದಿಲ್ಲ. ವಾರಕ್ಕೆ ಎರಡು ಸಲ ಹೋಗಿ ಬರುವವರ ಶ್ರಮಕ್ಕೂ ಬೆಲೆ ಇದೆ. ಕೇಂದ್ರದ ಬಿಲ್, ಔಷಧದ ಬಿಲ್ ಎಲ್ಲವನ್ನೂ ಒಂದೇ ಖಾತೆಯಿಂದ ಕಟ್ಟಿ, ತಿಂಗಳ ಲೆಕ್ಕವನ್ನು ಮೂವರಿಗೂ ವಾಟ್ಸಾಪ್‌ನಲ್ಲಿ ಕಳಿಸಿ. ಕೇಳಿದರೂ ಕೇಳದಿದ್ದರೂ ಕಳಿಸಿ.

ನೀವು ಹಾಕಿದ ದುಡ್ಡು ಮುಂದೆ ಮನೆ ಮಾರಿದಾಗ ಮೊದಲು ನಿಮಗೆ ಬರಲಿ ಅನ್ನುವುದು ಅಮ್ಮನ ಮನಸ್ಸಿನಲ್ಲಿದ್ದರೆ ಅದನ್ನು ವಿಲ್‌ನಲ್ಲೇ ಬರೆಸಿ. 'ಅಮ್ಮ ಹೇಳಿದ್ರು' ಅನ್ನುವುದು ಆಮೇಲೆ ನಡೆಯುವುದಿಲ್ಲ. ನಾಮಿನಿ ನಾನೇ ಅಲ್ವಾ ಅಂತಲೂ ನಿಶ್ಚಿಂತೆ ಬೇಡ. ಬ್ಯಾಂಕಿನಿಂದ ದುಡ್ಡು ಪಡೆಯುವ ಹಕ್ಕು ನಾಮಿನಿಗೆ, ಅದು ಯಾರಿಗೆ ಸೇರಬೇಕು ಅನ್ನುವುದು ವಾರಸುದಾರರ ಲೆಕ್ಕ.

ತಮ್ಮ ಅಮೆರಿಕದಿಂದ ದುಡ್ಡು ಕಳಿಸುತ್ತಾನೆ. ಅಮ್ಮನಿಗೆ ತೆರಿಗೆ ಬೀಳುತ್ತದೆಯಾ?

ಇಲ್ಲಿ ಬೀಳುವುದಿಲ್ಲ. ಮಕ್ಕಳು ತಂದೆ ತಾಯಿಗೆ ಕೊಟ್ಟ ದುಡ್ಡಿಗೆ ಎಷ್ಟೇ ಇದ್ದರೂ ತೆರಿಗೆ ಇಲ್ಲ. ಅದನ್ನು ಅಮ್ಮನ ಹೆಸರಿನಲ್ಲಿ ಠೇವಣಿ ಇಟ್ಟರೆ ಬಡ್ಡಿ ಅಮ್ಮನ ಆದಾಯ, ನಿಮ್ಮ ಲೆಕ್ಕಕ್ಕೆ ಸೇರುವುದಿಲ್ಲ. 2025-26ರಿಂದ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಬೀಳದೆ ಇರುವುದರಿಂದ (ಆಸ್ತಿ, ಷೇರು ಮಾರಿದ ಲಾಭ ಇದರಲ್ಲಿ ಬರುವುದಿಲ್ಲ), ಶೇ 30 ತೆರಿಗೆ ಕಟ್ಟುವ ಮಕ್ಕಳು ತಮ್ಮ ಹೆಸರಿನಲ್ಲಿ ಎಫ್‌ಡಿ ಇಟ್ಟು ಬಿಲ್ ಕಟ್ಟುವುದಕ್ಕಿಂತ ಇದು ಎಷ್ಟೋ ಮೇಲು. ಆ ದುಡ್ಡು ಮುಂದೆ ಅಮ್ಮನ ಆಸ್ತಿಯಾಗಿ ಎಲ್ಲ ಮಕ್ಕಳಿಗೂ ಹಂಚಿಕೆಯಾಗುತ್ತದೆ ಅನ್ನುವುದು ತಮ್ಮನಿಗೆ ಗೊತ್ತಿರಲಿ.

ನಾನು ಕಟ್ಟುವ ಬಿಲ್‌ಗೆ ನನಗೆ ತೆರಿಗೆ ವಿನಾಯಿತಿ ಇದೆಯಾ?

ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಮಾತ್ರ. 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ ಸಂಖ್ಯೆಗಳಲ್ಲೇ ಹೇಳುತ್ತೇನೆ, 2026ರ ಏಪ್ರಿಲ್ 1ರಿಂದ ಅನ್ವಯಿಸುವ ಹೊಸ ಕಾಯ್ದೆಯಲ್ಲಿ ಸಂಖ್ಯೆ ಬೇರೆ. 80ಡಿಯಲ್ಲಿ 60 ದಾಟಿದ ತಂದೆ ತಾಯಿಯ ಇನ್ಶೂರೆನ್ಸ್ ಪ್ರೀಮಿಯಂ 50,000ದವರೆಗೆ. ಪಾಲಿಸಿಯೇ ಇಲ್ಲದಿದ್ದರೆ ಅಷ್ಟೇ ಮೊತ್ತದವರೆಗೆ ವೈದ್ಯಕೀಯ ಖರ್ಚು, ಆದರೆ ನಗದಾಗಿ ಕೊಟ್ಟಿರಬಾರದು. 80ಡಿಡಿಬಿಯಲ್ಲಿ ಪಾರ್ಕಿನ್ಸನ್, ಡಿಮೆನ್ಷಿಯಾದಂಥ ನರರೋಗದಿಂದ ಶೇ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯ ಇದೆ ಅಂತ ತಜ್ಞ ವೈದ್ಯರು ಬರೆದುಕೊಟ್ಟರೆ 1 ಲಕ್ಷದವರೆಗೆ. 80ಡಿಡಿಯಲ್ಲಿ ನಿಮ್ಮನ್ನೇ ನಂಬಿಕೊಂಡಿರುವ ಅಂಗವಿಕಲ ತಂದೆ ತಾಯಿಗೆ 75,000, ತೀವ್ರ ವೈಕಲ್ಯವಿದ್ದರೆ 1,25,000.

ಕೇಂದ್ರದ ಊಟ, ವಸತಿ ಶುಲ್ಕವನ್ನು ವೈದ್ಯಕೀಯ ಖರ್ಚು ಅಂತ ತೋರಿಸಲು ಹೋಗಬೇಡಿ. ನರ್ಸಿಂಗ್, ಡಾಕ್ಟರ್, ಔಷಧ, ಫಿಸಿಯೋಥೆರಪಿಗೆ ಬೇರೆ ಬೇರೆ ಸಾಲಿನಲ್ಲಿ ಬಿಲ್ ಕೊಡಿ ಅಂತ ಮೊದಲ ತಿಂಗಳೇ ಕೇಳಿ.

ಮನೆ ಬರೆಸಿಕೊಂಡ ಮಗ ಈಗ ಒಂದು ಪೈಸೆ ಕೊಡುತ್ತಿಲ್ಲ. ಕಾನೂನಿದೆಯಾ?

ಇದೆ, 2007ರ ಪಾಲಕರು ಮತ್ತು ಹಿರಿಯ ನಾಗರಿಕರ ಕಾಯ್ದೆ. ವಯಸ್ಸಿಗೆ ಬಂದ ಮಗ, ಮಗಳು, ಮೊಮ್ಮಕ್ಕಳು ಎಲ್ಲರ ಮೇಲೂ ಜವಾಬ್ದಾರಿ ಇದೆ. ಅಳಿಯ, ಸೊಸೆಯ ಹೆಸರು ಅದರಲ್ಲಿಲ್ಲ. ಅರ್ಜಿ ಹಾಕುವುದು ಉಪವಿಭಾಗಾಧಿಕಾರಿಗೆ, ಬೆಂಗಳೂರು ನಗರದವರು ಕೆ.ಜಿ. ರಸ್ತೆಯ ಕಂದಾಯ ಭವನದಲ್ಲಿ ವಿಚಾರಿಸಬೇಕು. ಅಪ್ಪನಿಗೆ ಓಡಾಡಲು ಆಗದಿದ್ದರೆ ಅವರು ಒಪ್ಪಿದ ಇನ್ನೊಬ್ಬರು ಹಾಕಬಹುದು. ನೋಟಿಸ್ ಹೋದ 90 ದಿನದಲ್ಲಿ ತೀರ್ಮಾನ ಆಗಬೇಕು ಅನ್ನುತ್ತದೆ ಕಾಯ್ದೆ. ಕಾಯ್ದೆಯಲ್ಲಿರುವ ಜೀವನಾಂಶದ ಮಿತಿ ತಿಂಗಳಿಗೆ 10,000 ರೂಪಾಯಿ. ಕೇರ್ ಹೋಮ್ ಬಿಲ್ ಮುಂದೆ ಇದು ಏನೂ ಅಲ್ಲ.

ಬಲ ಇರುವುದು 23ನೇ ಸೆಕ್ಷನ್‌ನಲ್ಲಿ. ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ ರದ್ದು ಮಾಡಿಸಬಹುದು. ಆ ಷರತ್ತು ಇತ್ತು ಅನ್ನುವುದನ್ನು ತೋರಿಸಬೇಕು ಅಂತ ಸುಪ್ರೀಂ ಕೋರ್ಟ್ 2022ರ ಡಿಸೆಂಬರ್‌ನಲ್ಲಿ ಹೇಳಿತು. 2025ರ ಜನವರಿಯ ಇನ್ನೊಂದು ತೀರ್ಪಿನಲ್ಲಿ ಹಿರಿಯರ ಪರವಾಗಿ ಸ್ವಲ್ಪ ಉದಾರವಾಗಿ ನೋಡಿತು. ಯಾಕೆ ಬೇಕು ಈ ಪಾಡು? ದಾನಪತ್ರ ಬರೆಯುವಾಗಲೇ 'ಕೊನೆವರೆಗೂ ಆರೈಕೆ, ಔಷಧ, ಅಗತ್ಯವಿದ್ದರೆ ಕೇಂದ್ರದ ಖರ್ಚು' ಅಂತ ಒಂದು ಸಾಲು ಹಾಕಿಸಿ. ಅದಕ್ಕಿಂತ ಒಳ್ಳೆಯದು, ಬದುಕಿರುವಾಗ ದಾನಪತ್ರವೇ ಬೇಡ, ವಿಲ್ ಸಾಕು.

ಮನೆಯಲ್ಲೇ ಆಳಿಟ್ಟು ನೋಡಿಕೊಂಡರೆ ಅಗ್ಗ ಅಲ್ವಾ?

ಕೆಲವರಿಗೆ ಹೌದು. ಮನೆಯಲ್ಲಿ ನಿವೃತ್ತರಾದ ಒಬ್ಬರು ಮೇಲುಸ್ತುವಾರಿಗೆ ಇದ್ದು, ಹಗಲಿಗೊಬ್ಬರು ಅಟೆಂಡರ್ ಸಾಕು ಅಂದರೆ ಖಂಡಿತ ಅಗ್ಗ. ಹಗಲು ರಾತ್ರಿ ಎರಡೂ ಹೊತ್ತು ಜನ ಬೇಕು ಅಂದರೆ ಏಜೆನ್ಸಿ ದುಡ್ಡು, ಅವರ ಊಟ, ಬಾಡಿಗೆ ಆಸ್ಪತ್ರೆ ಮಂಚ, ಮನೆಗೆ ಬರುವ ನರ್ಸ್ ಎಲ್ಲ ಸೇರಿ ಹೆಚ್ಚುಕಡಿಮೆ ಅಲ್ಲಿಗೇ ಬರುತ್ತದೆ. ಹಬ್ಬಕ್ಕೆ ಊರಿಗೆ ಹೋದ ಅಟೆಂಡರ್ ವಾಪಸ್ ಬರದಿದ್ದಾಗ ಕೆಲಸಕ್ಕೆ ರಜೆ ಹಾಕುವವರು ಯಾರು? ಆ ಸಂಬಳವನ್ನೂ ಲೆಕ್ಕಕ್ಕೆ ಸೇರಿಸಿ.

ದುಡ್ಡೇ ಇಲ್ಲ ಅಂದರೆ?

1090ಕ್ಕೆ ಫೋನ್ ಮಾಡಿ, ಬೆಂಗಳೂರಿನ ಹಿರಿಯರ ಸಹಾಯವಾಣಿ ಅದು, ಪೊಲೀಸರ ಜೊತೆಗೂಡಿ 2002ರಿಂದ ನಡೆಯುತ್ತಿದೆ. ದೇಶದ ಯಾವ ಮೂಲೆಯಿಂದಲೂ 14567 ಇದೆ. ಉಚಿತ ಅಥವಾ ಕಡಿಮೆ ದರದ ವೃದ್ಧಾಶ್ರಮಗಳ ಮಾಹಿತಿ ಅಲ್ಲಿ ಕೇಳಬಹುದು. ಕೊನೆಯ ಹಂತದ ಕ್ಯಾನ್ಸರ್ ಆದರೆ ಮಾರತಹಳ್ಳಿ ಕಡೆಯ ಕರುಣಾಶ್ರಯದಲ್ಲಿ ಆರೈಕೆ ಉಚಿತ.

ಅಡ್ವಾನ್ಸ್ ಕೊಡುವ ಮುಂಚೆ ಕರಾರಿನಲ್ಲಿ ಏನು ನೋಡಬೇಕು?

ವರ್ಷಕ್ಕೆ ಎಷ್ಟು ಏರಿಸುತ್ತಾರೆ ಅನ್ನುವುದು ಅಂಕಿಯಲ್ಲಿ ಇರಬೇಕು. 'ಪರಿಸ್ಥಿತಿಗೆ ತಕ್ಕಂತೆ' ಅಂತಿದ್ದರೆ ಸಹಿ ಬೇಡ. ಆರೋಗ್ಯ ಹದಗೆಟ್ಟರೆ ಮೇಲಿನ ದರಕ್ಕೆ ಹಾಕುವುದನ್ನು ಯಾರು ತೀರ್ಮಾನಿಸುತ್ತಾರೆ, ನಿಮಗೆ ಎಷ್ಟು ದಿನ ಮುಂಚೆ ಹೇಳುತ್ತಾರೆ ಅಂತ ಕೇಳಿ. ಎಲ್ಲ ಮಕ್ಕಳೂ 'ಜಾಮೀನುದಾರ' ಅಂತ ಸಹಿ ಹಾಕುವ ಅಗತ್ಯವಿಲ್ಲ, ಅಮ್ಮನ ಖಾತೆಯಿಂದ ಕಟ್ಟುವುದಾದರೆ ಹಾಗೆಂದೇ ಬರೆಸಿ. ಬಿಡುವುದಿದ್ದರೆ ಎಷ್ಟು ದಿನದ ನೋಟಿಸ್ ಕೊಡಬೇಕು, ಅಡ್ವಾನ್ಸ್‌ನಲ್ಲಿ ಏನೇನು ಹಿಡಿಯುತ್ತಾರೆ ಅನ್ನುವುದೂ ಇರಲಿ. ಹೇಳಲು ಬೇಜಾರು, ಆದರೆ ತಿಂಗಳ ನಡುವೆ ತೀರಿಕೊಂಡರೆ ಉಳಿದ ದಿನಗಳ ದುಡ್ಡು ಏನಾಗುತ್ತದೆ, ಅಡ್ವಾನ್ಸ್ ಯಾರ ಖಾತೆಗೆ, ಎಷ್ಟು ದಿನದಲ್ಲಿ ವಾಪಸ್ ಬರುತ್ತದೆ ಅನ್ನುವುದನ್ನೂ ಅವತ್ತೇ ಕೇಳಿ ಬರೆಸಿಕೊಳ್ಳಿ.